ಜರಡಿ ತೆಗೆದ ಬಾಣ

ಅಕ್ಟೋಬರ್ 6, ಸೋಮವಾರ

ಕ್ಷಮಿಸು. ಹನ್ನೆರಡು ವರ್ಷದವಳಾಗಿದ್ದ ನನಗೇ ಹೇಳುತ್ತಿದ್ದೇನೆ. ಸ್ಕೂಲ್ ಹಾಸ್ಟೆಲ್‌ನಲ್ಲಿ ವಾರ್ಡನ್ ಮಿಸ್ ನನ್ನ ಡೈರಿಯನ್ನು ಸ್ಟಡಿ ಅವರ್‌ನಲ್ಲಿ ಎಲ್ಲರಿಗೂ ಓದಿ ಹೇಳಿದ ದಿನ, ಇನ್ನು ಸಾಯುವ ತನಕ ಬರೆಯುವುದಿಲ್ಲ ಅಂತ ಆಣೆ ಹಾಕಿದ್ದೆ. ಮುರಿಯುತ್ತಿದ್ದೇನೆ. ಎದೆ ಡವಡವ ಅನ್ನುವುದನ್ನು ಎಲ್ಲಾದರೂ ಇಳಿಸಬೇಕು. ಜನರಿಗೆ ಹೇಳಿದರೆ "ಚಿಲ್" ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆದರೆ ಮಾರ್ಕ್ಸಿಗೆ ಬರೆದ ಹಾಗಾಗುತ್ತದೆ. ಅದಕ್ಕೇ ಕನ್ನಡ. ಒತ್ತಕ್ಷರ ತಪ್ಪಿದರೆ ತಪ್ಪಲಿ, ಕೇಳುವವರು ಯಾರು.

ಬೆಳಿಗ್ಗೆ 7:10ಕ್ಕೆ ಲ್ಯಾಬ್. ಮೆಟ್ಟಿಲಿನ ಬಳಿ ಫಿನಾಯಿಲ್ ವಾಸನೆ. ಉಪಗ್ರಹದ ಚಿತ್ರ ಇಳಿಯಲು ನಲವತ್ತು ನಿಮಿಷ. ಅಷ್ಟರಲ್ಲಿ ಎರಡು ಬಿಸ್ಕತ್ತು, ಒಂದು ಉಗುರು.

ಈ ಲ್ಯಾಬ್ ಸೇರುವ ಮುಂಚೆ ದಕ್ಷಿಣ ಧ್ರುವದ ಸಮುದ್ರ ಹೆಪ್ಪುಗಟ್ಟಿ ನಿಂತುಬಿಟ್ಟಿರುತ್ತದೆ ಅಂದುಕೊಂಡಿದ್ದೆ. ನಿಲ್ಲುವುದೇ ಇಲ್ಲ ಅದು. ಚಪ್ಪಡಿ ಚಪ್ಪಡಿಯಾಗಿ, ಗಾಳಿ ತಳ್ಳಿದ ಕಡೆಗೆ, ಹಗಲೂ ರಾತ್ರಿ ನಡೆಯುತ್ತಿರುತ್ತದೆ. ನಿನ್ನೆಯ ಚಿತ್ರ, ಇವತ್ತಿನ ಚಿತ್ರ. ನಿನ್ನೆ ಇಲ್ಲಿದ್ದ ತುಂಡು ಇವತ್ತು ಎಲ್ಲಿದೆ ಅಂತ ಕಂಪ್ಯೂಟರ್ ಹುಡುಕುತ್ತದೆ. ಸಿಕ್ಕಿದರೆ ಅಲ್ಲಿಗೊಂದು ಬಾಣ. ಹತ್ತು ಕಿಲೋಮೀಟರಿಗೆ ಒಂದರಂತೆ ದಿನಕ್ಕೆ ಎರಡು ಸಾವಿರ ಬಾಣ.

ನನ್ನ ಕೆಲಸ ಚಿತ್ರ ಹಾಕುವುದು, ಪ್ರೋಗ್ರಾಂ ಓಡಿಸುವುದು, ಅಕ್ಸೆಪ್ಟ್ ಒತ್ತುವುದು. ಒತ್ತಿದರೆ ಮ್ಯಾಪ್ ಹಿಮದ ಮೇಲಿನ ಶಿಬಿರಕ್ಕೆ ಹೋಗುತ್ತದೆ. ಅಲ್ಲಿ ಐದು ಜನ, ಮೂರು ಟೆಂಟು, ಎರಡು ಸ್ನೋಬೈಕ್. ಅವರು ಕೂತಿರುವುದೂ ಒಂದು ತೇಲುವ ಚಪ್ಪಡಿಯ ಮೇಲೆಯೇ. ಹಿಮ ಎಷ್ಟು ದಪ್ಪ ಅಂತ ಕೊರೆದು ಅಳೆಯುವ ಕೆಲಸ. ಐವರಲ್ಲಿ ಒಬ್ಬಳು ನನ್ನ ರೂಮಿನ ಕಿಟಕಿಯಕ್ಕ. ಕಿಟಕಿ ಪಕ್ಕದ ಮಂಚ ಅವಳದು. ಅವಳು ಹೋಗಿ ಮೂರು ವಾರವಾಯಿತು. ಆ ಮಂಚದ ಮೇಲೆ ನನ್ನ ಒಣಗಿದ ಬಟ್ಟೆ ಪೇರಿಸಿಟ್ಟಿದ್ದೇನೆ. ನೋಡಿದರೆ ಬೈಯುತ್ತಾಳೆ.

ಅಕ್ಟೋಬರ್ 8, ಬುಧವಾರ

ಸತ್ತೆ.

ಚಿತ್ರ ಅದಲು ಬದಲಾಗಿ ಹಾಕಿದ್ದೆ. ಇವತ್ತಿನದು ಮೊದಲು, ನಿನ್ನೆಯದು ಆಮೇಲೆ. ಎರಡು ಸಾವಿರ ಬಾಣವೂ ಉಲ್ಟಾ. ನೋಡದೆ ಅಕ್ಸೆಪ್ಟ್ ಒತ್ತಿದೆ. ಶಿಬಿರಕ್ಕೂ ಹೋಯಿತು. ಹತ್ತು ಗಂಟೆಗೆ ಶಿಬಿರದ ಲೀಡರ್‌ನಿಂದ ಮೇಲ್, ಇಡೀ ಲ್ಯಾಬಿಗೆ: "ನಿಮ್ಮ ಮ್ಯಾಪ್ ಪ್ರಕಾರ ನಾವು ನಿನ್ನೆಗೆ ವಾಪಸ್ ಹೋಗ್ತಾ ಇದೀವಿ. ನಿನ್ನೆ ಸೂಪ್ ಚೆನ್ನಾಗಿತ್ತು, ಥ್ಯಾಂಕ್ಸ್."

ಎಲ್ಲರೂ ನಕ್ಕರು. ಜರಡಿಯಣ್ಣ ಎಲ್ಲರಿಗಿಂತ ಜಾಸ್ತಿ. ಅವನು ಐದನೇ ವರ್ಷದ ರಿಸರ್ಚ್ ಸ್ಕಾಲರ್. ತಪ್ಪು ಬಾಣಗಳನ್ನು ಹುಡುಕಿ ತೆಗೆದುಹಾಕುವ ಫಿಲ್ಟರ್ ಅವನೇ ಬರೆದದ್ದು, ಆ ಹೆಸರು ಅದರಿಂದಲೇ ಬಂತು. "ಏನಮ್ಮಾ ರಿವರ್ಸ್ ಗೇರ್, ಮನೆಗೂ ಹಿಂದೆ ಹಿಂದೆ ನಡ್ಕೊಂಡೇ ಹೋಗ್ತೀಯಾ?"

ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಲ್ಯಾಬ್ ನಡೆಸುವ ಸರ್ ನಗಲಿಲ್ಲ. ಅದು ಇನ್ನೂ ಕಷ್ಟ. "ತಿಂಗಳ ಕೊನೆಗೆ ಲ್ಯಾಬ್ ಸೀಟ್ ಕನ್ಫರ್ಮ್ ಮಾಡ್ಬೇಕು. ನೆನಪಿದೆ ತಾನೆ? ಇನ್ಮೇಲೆ ಅವನು ನೋಡಿ ಸರಿ ಅಂದ್ಮೇಲೆ ಒತ್ತು." ಅವನು ಅಂದರೆ ಜರಡಿಯಣ್ಣ.

ಅಕ್ಟೋಬರ್ 9, ಗುರುವಾರ

ಹೋಗಲಿಲ್ಲ. ಹೊಟ್ಟೆನೋವು ಅಂದೆ. ಸುಳ್ಳು.

ಅಕ್ಟೋಬರ್ 13, ಸೋಮವಾರ

ಕಿಟಕಿಯಕ್ಕನ ಮೇಲ್. ನಾಲ್ಕೇ ಸಾಲು, ಅಲ್ಲಿಂದ ಉದ್ದ ಬರೆಯಲು ಆಗುವುದಿಲ್ಲ.

"ನಿನ್ನ ಉಲ್ಟಾ ಮ್ಯಾಪ್ ಪ್ರಿಂಟ್ ತೆಗೆದು ಅಡುಗೆ ಟೆಂಟಲ್ಲಿ ಅಂಟಿಸಿದೀವಿ ಕಣೇ. ಅಳ್ಬೇಡ. ನಾನು ಫಸ್ಟ್ ಇಯರಲ್ಲಿ ಭೂಮೀನೂ ಹಿಮ ಅಂದ್ಕೊಂಡು ಮ್ಯಾಪಲ್ಲಿ ನಡೆಸಿಬಿಟ್ಟಿದ್ದೆ. ಇಲ್ಲಿ ಪೂರ್ತಿ ಬಿಳಿ, ಐವತ್ತು ಮೀಟರ್ ಆಚೆ ಏನೂ ಕಾಣಲ್ಲ, ನಿಮ್ಮ ಬಾಣಾನೇ ನಮ್ಮ ಕಣ್ಣು. ಜಾಗ ಬದಲಾಯಿಸೋದು ಅಂದ್ರೆ ಬಿಚ್ಚಿ, ಕಟ್ಟಿ, ಎಳೆದು, ಪೂರ್ತಿ ಒಂದು ದಿನದ ಸಾವು, ಅದಕ್ಕೇ ಸರಿಯಾಗಿ ನೋಡಿ ಕಳಿಸು."

ಹನ್ನೊಂದು ಸಲ ಓದಿದೆ. "ನಮ್ಮ ಕಣ್ಣು" ಅನ್ನಬಾರದಿತ್ತು ಅವಳು. ಈಗ ನಿದ್ದೆ ಹೇಗೆ ಬರುತ್ತದೆ.

ಅಕ್ಟೋಬರ್ 15, ಬುಧವಾರ

ಹೊಸ ಪದ್ಧತಿ. ಎಲ್ಲವನ್ನೂ ಮೂರು ಸಲ ನೋಡುವುದು. ಮೊದಲು ತಾರೀಕು, ಆಮೇಲೆ ಮ್ಯಾಪ್, ಆಮೇಲೆ "ತೆಗೆದವು" ಅನ್ನುವ ಫೈಲ್. ಅದನ್ನು ಯಾರೂ ತೆರೆಯುವುದಿಲ್ಲ. ನಾನು ತೆರೆಯುತ್ತೇನೆ. ಭಯಸ್ಥರಿಗೆ ಟೈಮ್ ಜಾಸ್ತಿ.

ಜರಡಿಯ ಲೆಕ್ಕ ಸರಳ. ಪ್ರತಿ ಬಾಣವನ್ನೂ ಅದರ ಅಕ್ಕಪಕ್ಕದ ಎಂಟು ಬಾಣಗಳ ಜೊತೆ ಹೋಲಿಸುತ್ತದೆ. ತೀರಾ ಬೇರೆ ದಿಕ್ಕಿಗಿದ್ದರೆ ತಪ್ಪು ಅಂತ ತೆಗೆಯುತ್ತದೆ. ತೆಗೆದು ಖಾಲಿ ಬಿಡುವುದಿಲ್ಲ, ಅಲ್ಲಿ ಎಂಟರ ಸರಾಸರಿಯನ್ನು ಕೂರಿಸುತ್ತದೆ. ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ದಿನಕ್ಕೆ ನಲವತ್ತು ಐವತ್ತು ಬಾಣ ಹೀಗೆ ಹೋಗುತ್ತವೆ. ಅಲ್ಲೊಂದು ಇಲ್ಲೊಂದು. ಇವತ್ತು ಹೋದ ಕಡೆ ನಾಳೆ ಹೋಗುವುದಿಲ್ಲ.

ಒಂದನ್ನು ಬಿಟ್ಟು. ಸುತ್ತಲಿನ ಹಿಮವೆಲ್ಲ ವಾಯವ್ಯಕ್ಕೆ ನಡೆಯುತ್ತಿದೆ, ಆ ಒಂದು ಬಾಣ ಆಗ್ನೇಯಕ್ಕೆ. ಭಾನುವಾರ ತೆಗೆದಿದೆ. ಸೋಮವಾರವೂ. ನಿನ್ನೆ ಪಕ್ಕದ ಚೌಕದಲ್ಲಿ ತೆಗೆದಿದೆ. ಇವತ್ತೂ ಅಲ್ಲೇ. ತಪ್ಪು ಬಾಣ ಹೀಗೆ ಒಂದೇ ಕಡೆಗೆ ನಡೆಯುತ್ತದೆಯೇ? ನನ್ನ ತಲೆಯಂತೂ ನಡೆಯುತ್ತಿಲ್ಲ.

ಅಕ್ಟೋಬರ್ 16, ಗುರುವಾರ

ಜರಡಿಯಣ್ಣನಿಗೆ ಹೇಳಿದೆ.

"ಅಣ್ಣಾ, ಒಂದು ಬಾಣ ಉಲ್ಟಾ ಹೋಗ್ತಿದೆ."

ಇಡೀ ರೂಮು ತಿರುಗಿತು. ನನಗೆ ಬೇರೆ ಪದ ಸಿಗಬಾರದಿತ್ತೇ.

"ಮತ್ತೆ ಚಿತ್ರ ಅದಲು ಬದಲು ಮಾಡಿದ್ಯಾ?"

"ಇಲ್ಲ, ಮೂರು ಸಲ ನೋಡಿದೀನಿ. ಉಳಿದಿದ್ದೆಲ್ಲಾ ಸರಿ ಇದೆ. ಅದೊಂದೇ."

"ಅದೊಂದೇ ಅಂದ್ರೆ ಅದೊಂದೇ ತಪ್ಪು ಅಂತ. ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ. ಅಂಥ ಪೋರನ್ನ ಹಿಡಿಯೋಕೇ ಫಿಲ್ಟರ್ ಇರೋದು."

"ಆದ್ರೆ ಐದು ದಿನದಿಂದ..."

"ಒಂದು ಹೇಳ್ಲಾ? ನಿನಗೆ ಉಲ್ಟಾ ಮೇಲೆ ಪ್ರೀತಿ ಬಂದಿದೆ."

ನಕ್ಕರು. ಮೊದಲಿನ ಹಾಗೆ ನಾನು ಜೊತೆಗೂಡಿ ನಗಲಿಲ್ಲ. ಅದಷ್ಟೇ ಇವತ್ತಿನ ಸಾಧನೆ. ಬರೆದಿಟ್ಟಿರಲಿ.

ಅಕ್ಟೋಬರ್ 17, ಶುಕ್ರವಾರ, ಸಂಜೆ

ಅಮ್ಮನ ಫೋನ್. ಆಸ್ಪತ್ರೆಯಿಂದ ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದಳು. ಇಪ್ಪತ್ತಾರು ವರ್ಷದಿಂದ ಅಲ್ಲಿ ಎಕ್ಸ್‌ರೇ ಟೆಕ್ನಿಶಿಯನ್. ಊಟ ಆಯಿತಾ, ತಲೆಗೆ ಎಣ್ಣೆ ಹಚ್ಚಿದೆಯಾ, ಎಲ್ಲ ಮುಗಿಯಿತು. ಆಮೇಲೆ ಬಾಣದ ವಿಷಯ ಹೇಳಿಬಿಟ್ಟೆ.

"ನಮ್ಮಲ್ಲೂ ಹೀಗೇ ಕಣೇ. ಫಿಲ್ಮಲ್ಲಿ ಚುಕ್ಕೆ ಕಾಣುತ್ತೆ. ಡಾಕ್ಟ್ರು ಧೂಳು ಅಂತಾರೆ."

"ನೀನೇನ್ ಮಾಡ್ತೀಯ?"

"ಜಗಳ ಆಡಲ್ಲ. ಪೇಷೆಂಟನ್ನ ಪಕ್ಕಕ್ಕೆ ತಿರುಗಿಸಿ ಇನ್ನೊಂದು ತೆಗೀತೀನಿ. ಧೂಳು ಪೇಷೆಂಟ್ ಜೊತೆ ತಿರುಗಲ್ಲ."

"ಡಾಕ್ಟ್ರು ಬೈಯಲ್ವಾ?"

"ಬೈತಾರೆ. ಬೈಗುಳ ತಿಂದ್ರೆ ಹೊಟ್ಟೆ ಕೆಡಲ್ಲ, ಹೇಳೋದನ್ನ ಒಳಗೇ ಇಟ್ಕೊಂಡ್ರೆ ಕೆಡುತ್ತೆ. ನನ್ನ ಸ್ಟಾಪ್ ಬಂತು, ಇಡ್ತೀನಿ."

ಅಕ್ಟೋಬರ್ 18, ಶನಿವಾರ, ಸಂಜೆ

ಲ್ಯಾಬಿನಲ್ಲಿ ನಾನೊಬ್ಬಳೇ. ಬೇರೆ ಉಪಗ್ರಹದ ಚಿತ್ರ ಇಳಿಸಿದೆ. ಬೇರೆ ದಿಕ್ಕಿನಿಂದ ಹಾಯುವಂಥದ್ದು. ನಮ್ಮದಕ್ಕಿಂತ ಎರಡು ಪಟ್ಟು ಸೂಕ್ಷ್ಮ.

ಇದೆ.

ಧೂಳಲ್ಲ. ಐಸ್‌ಬರ್ಗ್. ನಾಲ್ಕು ಕಿಲೋಮೀಟರ್ ಉದ್ದ, ಮೇಜಿನ ಹಾಗೆ ಚಪ್ಪಟೆ ತಲೆ, ಅಂಚಿನಲ್ಲಿ ಒಂದು ಮೂಲೆ ಮುರಿದಿದೆ. ಅದರ ಹಿಂದೆ ಕಪ್ಪು ಗೆರೆ, ಒಡೆದ ನೀರು, ಹಡಗು ಹೋದ ಮೇಲೆ ಉಳಿಯುವಂಥ ಬಾಲ. ಬಾಲ ವಾಯವ್ಯಕ್ಕಿದೆ. ಅಂದರೆ ಗುಡ್ಡ ಬರುತ್ತಿರುವುದು ಆಗ್ನೇಯಕ್ಕೇ. ಹಿಮದ ನಡುವೆ ನೇಗಿಲು ಹೊಡೆದ ಹಾಗೆ ಉತ್ತುಕೊಂಡು ಬರುತ್ತಿದೆ.

ಮಧ್ಯಾಹ್ನದ ತನಕ ಲೈಬ್ರರಿಯಲ್ಲಿ ಕೂತು ಓದಿದೆ. ಪುಸ್ತಕದಲ್ಲಿ ಇದೆ, ಯಾರೋ ಮೊದಲೇ ನೋಡಿದ್ದಾರೆ: ಹಿಮದ ಚಪ್ಪಡಿ ಒಂದೆರಡು ಮೀಟರ್ ದಪ್ಪ, ಅದಕ್ಕೆ ಗಾಳಿಯೇ ಯಜಮಾನ. ಗುಡ್ಡದ ಬುಡ ಇನ್ನೂರು ಮೀಟರ್ ಆಳದಲ್ಲಿರುತ್ತದೆ, ಅದನ್ನು ಎಳೆಯುವುದು ಕೆಳಗಿನ ಪ್ರವಾಹ. ಮೇಲೆ ಗಾಳಿ ಒಂದು ಕಡೆ, ಕೆಳಗೆ ನೀರು ಇನ್ನೊಂದು ಕಡೆ. ಎತ್ತು ಏರಿಗೆ, ಕೋಣ ನೀರಿಗೆ.

ಆಮೇಲೆ ಶಿಬಿರದ ಜಾಗ ಮ್ಯಾಪ್ ಮೇಲೆ ಇಟ್ಟು ನೋಡಿದೆ. ಇಡಬಾರದಿತ್ತು ಅನ್ನಿಸಿತು.

ಒಂದೇ ಗೆರೆಯಲ್ಲಿವೆ. ನಡುವೆ 92 ಕಿಲೋಮೀಟರ್. ಚಪ್ಪಡಿ ದಿನಕ್ಕೆ ಎಂಟು ಕಿಲೋಮೀಟರ್ ಆ ಕಡೆಗೆ. ಗುಡ್ಡ ದಿನಕ್ಕೆ ಐದು ಈ ಕಡೆಗೆ. ದಿನಕ್ಕೆ ಹದಿಮೂರು ಕಡಿಮೆಯಾಗುತ್ತದೆ. ಮುಟ್ಟುವುದು ಇಪ್ಪತ್ತೈದನೇ ತಾರೀಕು, ಶನಿವಾರ.

ನೇರ ಬಡಿಯಬೇಕಾಗಿಲ್ಲ. ಗುಡ್ಡದ ಮುಂದಿನ ಹಿಮವೆಲ್ಲ ಕಿಲೋಮೀಟರ್‌ಗಟ್ಟಲೆ ಸೀಳುತ್ತದೆ.

ಕೈ ತಣ್ಣಗಾಗಿದೆ. ಆದರೂ ತಮಾಷೆ ಅಂದರೆ, ಭಯ ಅಲ್ಲ ಇದು. ಸಿಟ್ಟು. ಎರಡಕ್ಕೂ ಒಂದೇ ಥರ ಕೈ ತಣ್ಣಗಾಗುತ್ತದೆ ಅಂತ ಇವತ್ತು ಗೊತ್ತಾಯಿತು.

ಅಕ್ಟೋಬರ್ 20, ಸೋಮವಾರ

ಸರ್ ಕೋಣೆ. ಎಂಟು ನಿಮಿಷ ಸಿಕ್ಕಿತು. ನಿನ್ನೆ ಇಡೀ ದಿನ ಪ್ರಾಕ್ಟೀಸ್ ಮಾಡಿದ್ದು ಮೊದಲ ನಿಮಿಷಕ್ಕೇ ಖಾಲಿ.

ಚಿತ್ರ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. "ಇದು ಐಸ್‌ಬರ್ಗ್ ಇರ್ಬಹುದು. ಇಲ್ಲ ಅನ್ನಲ್ಲ. ಆದ್ರೆ ವಾರದ ಐಸ್‌ಬರ್ಗ್ ಪಟ್ಟೀಲಿ ಇಲ್ವಲ್ಲ?"

"ಆ ಪಟ್ಟೀಲಿ ದೊಡ್ಡವು ಮಾತ್ರ ಸರ್. ಇಪ್ಪತ್ತು ಕಿಲೋಮೀಟರ್ ಥರದ್ದು. ಇದು ನಾಲ್ಕು."

"ನಾಲ್ಕು ಕಿಲೋಮೀಟರಿನದು ಸಾವಿರ ಇರುತ್ತಮ್ಮಾ ಅಲ್ಲಿ."

"ಸಾವಿರವೂ ಶಿಬಿರದ ದಾರೀಲಿಲ್ಲ ಸರ್. ಇದಿದೆ."

ಇದು ನನ್ನ ಬಾಯಿಂದಲೇ ಬಂತಾ? ಬಂತು.

ಸರ್ ಪೆನ್ ಕ್ಯಾಪ್ ಹಾಕಿದರು, ತೆಗೆದರು. "ನೋಡು, ಎರಡು ವಾರದ ಹಿಂದೆ ಇಡೀ ಸಮುದ್ರಾನ ಹಿಂದಕ್ಕೆ ಓಡಿಸಿದವಳು ನೀನು. ಈಗ ಅವರಿಗೆ ಜಾಗ ಖಾಲಿ ಮಾಡಿ ಅಂತ ಹೇಳಿದ್ರೆ, ಒಂದೇ ಜಾಗದಲ್ಲಿ ದಿನಾ ಕೊರೆದು ಅಳೆದ ಸರಣಿ ಅಷ್ಟೂ ಹಾಳು. ಒಂದು ವರ್ಷದ ಪ್ಲಾನ್. ತಪ್ಪಾದ್ರೆ ಲ್ಯಾಬಿನ ಮಾತು ಯಾರೂ ನಂಬಲ್ಲ. ಶುಕ್ರವಾರದ ರಿವ್ಯೂಗೆ ತಾ. ಎಲ್ಲರೂ ಕೂತು ನೋಡೋಣ."

"ಶುಕ್ರವಾರ ಇಪ್ಪತ್ನಾಲ್ಕು ಸರ್. ಅವರಿಗೆ ಹೊರಡೋಕೇ ಒಂದು ದಿನ ಬೇಕು."

"ಶುಕ್ರವಾರ," ಅಂದರು.

ಕೆಟ್ಟವರಲ್ಲ ಅವರು. ಅದೇ ತೊಂದರೆ. ಕೆಟ್ಟವರಾಗಿದ್ದರೆ ಬಾಗಿಲು ದಡಾರ್ ಅಂತ ಹಾಕಿಕೊಂಡು ಬರಬಹುದಿತ್ತು. ಮೆತ್ತಗೆ ಎಳೆದುಕೊಂಡು ಬಂದೆ.

66 ಕಿಲೋಮೀಟರ್.

ಅಕ್ಟೋಬರ್ 21, ಮಂಗಳವಾರ

ಅಕ್ಸೆಪ್ಟ್ ಒತ್ತಿದೆ.

ಗೊತ್ತಿದ್ದೂ. ಜರಡಿಯಣ್ಣ ಹಿಂದೆ ನಿಂತು "ಸರಿ ಇದೆ, ಒತ್ತು" ಅಂದ, ಒತ್ತಿದೆ. ಗುಡ್ಡ ಇರುವ ಜಾಗದಲ್ಲಿ ಎಂಟರ ಸರಾಸರಿ ನೀಟಾಗಿ ಕೂತಿತ್ತು. ಎಲ್ಲರ ಜೊತೆ ಒಂದೇ ದಿಕ್ಕಿಗೆ ಮುಖ ಮಾಡಿ, ಸ್ಕೂಲ್ ಅಸೆಂಬ್ಲಿಯ ಹಾಗೆ. ಆ ಮ್ಯಾಪ್ ಹೋಯಿತು. ಅಡುಗೆ ಟೆಂಟಿನಲ್ಲಿ ಅವರು ಅದನ್ನು ನೋಡಿ ಆಹಾ ಪರವಾಗಿಲ್ಲ ಅಂದುಕೊಂಡಿರುತ್ತಾರೆ.

ಫಿಲ್ಟರ್ ಒತ್ತಿದ್ದಲ್ಲ. ನಾನು. ಇದನ್ನು ಮರೆಯಬಾರದು ಅಂತ ಬರೆದಿಡುತ್ತಿದ್ದೇನೆ.



ಅಕ್ಟೋಬರ್ 22, ಬುಧವಾರ, 9:15

40 ಕಿಲೋಮೀಟರ್. ಬಾಲ ಇನ್ನೂ ಉದ್ದವಾಗಿದೆ.

ಒತ್ತಲಿಲ್ಲ.

ಜರಡಿಯಣ್ಣ: "ಯಾಕೆ ಕೂತಿದೀಯ? ಒತ್ತು."

"ಇಲ್ಲ."

"ಇಲ್ಲ ಅಂದ್ರೆ?"

"ಒತ್ತಲ್ಲ ಅಂತ."

ಸರ್ ಬಂದರು. ಶಿಬಿರಕ್ಕೆ ಮ್ಯಾಪ್ ಯಾಕೆ ಹೋಗಿಲ್ಲ ಅಂತ ಕೇಳಿದರು. ಎದ್ದು ನಿಂತೆ.

"ಇದರಲ್ಲಿ ಒಂದು ಬಾಣ ಸುಳ್ಳು ಸರ್. ಸುಳ್ಳು ಅಂತ ನನಗೆ ಗೊತ್ತು. ಗೊತ್ತಿದ್ದು ಕಳಿಸಲ್ಲ."

"ಸುಳ್ಳಲ್ಲಮ್ಮಾ, ಸರಾಸರಿ."

"ಅಲ್ಲಿರೋದು ಸರಾಸರಿ ಅಲ್ಲ ಸರ್, ಗುಡ್ಡ."

ಯಾರೂ ನಗಲಿಲ್ಲ. ಸರ್ ಮುಖ ಕೆಂಪಾಯಿತು. "ನಿನ್ನ ಸೀಟ್ ಬಗ್ಗೆ ಯೋಚನೆ ಮಾಡಿ ಮಾತಾಡ್ತಿದೀಯಾ?"

"ಮಾಡಿದೀನಿ ಸರ್. ಎರಡು ವಾರದಿಂದ ಅದೊಂದೇ ಯೋಚನೆ ಮಾಡ್ತಿದ್ದೆ. ಇವತ್ತು ನಿಲ್ಲಿಸ್ದೆ."

ಅವರು ಜರಡಿಯಣ್ಣನ ಕಡೆ ತಿರುಗಿ, "ನೀನು ಕಳಿಸು," ಅಂದರು. ಅವನು ನನ್ನ ಕುರ್ಚಿಯಲ್ಲಿ ಕೂತು ಒತ್ತಿದ.

ಅಕ್ಟೋಬರ್ 22, ಸಂಜೆ 4:40

ಕ್ಯಾಂಟೀನಿನ ಹಿಂದಿನ ಕಲ್ಲುಬೆಂಚು. ಸೈಕಲ್ ಸ್ಟ್ಯಾಂಡಿನ ಪಕ್ಕ. ಜರಡಿಯಣ್ಣ ಬಂದು ಕೂತ. ಎರಡು ಟೀ ತಂದಿದ್ದ. ರಿವರ್ಸ್ ಗೇರ್ ಅನ್ನಲಿಲ್ಲ.

"ನಿನ್ನ ಫೈಲ್ ತೆಗೆದು ನೋಡ್ದೆ," ಅಂದ.

ಟೀ ತೆಗೆದುಕೊಂಡೆ.

"ಬಾಲ ಕಾಣ್ತಿದೆ."

"ಹೂಂ."

"ಮೂರು ವರ್ಷದಿಂದ ಓಡ್ತಿದೆ ಆ ಫಿಲ್ಟರ್. ಹಾಗಾದ್ರೆ ಎಷ್ಟು ಗುಡ್ಡ ಗುಡಿಸಿ ಹಾಕಿದೀನಿ ನಾನು?"

ಸಮಾಧಾನ ಹೇಳುವ ವಯಸ್ಸಲ್ಲ ನನ್ನದು. "ಹಾಗಾದ್ರೆ ಬೆಳಿಗ್ಗೆ ಯಾಕೆ ಒತ್ತಿದೆ?" ಅಂತ ಕೇಳಿದೆ.

"ಸರ್ ಹೇಳಿದ್ರು."

"ಅಷ್ಟೇನಾ?"

"ಅಷ್ಟೇ ಕಣೇ." ಟೀ ಚೆಲ್ಲಿದ, ಲೋಟ ಕೊಡವಿದ. "ನಾಳೆ ಬೆಳಿಗ್ಗೆ ಸರ್ ಜೊತೆ ಮತ್ತೆ ಮಾತಾಡ್ತೀನಿ. ಅಲ್ಲೀವರೆಗೂ ನೀನು ಏನೂ ಮಾಡ್ಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ನನ್ನ ಒಳ್ಳೆಯದು ಅನ್ನುವ ಮಾತನ್ನು ವಾರ್ಡನ್ ಮಿಸ್ ಕಾಲದಿಂದ ಕೇಳುತ್ತಿದ್ದೇನೆ. ಆ ಒಳ್ಳೆಯದು ಇನ್ನೂ ಬಂದು ಮುಟ್ಟಿಲ್ಲ.

ಅಕ್ಟೋಬರ್ 23, ಗುರುವಾರ, 8:05

ಇವತ್ತಿನ ಚಿತ್ರ ಬಂತು. 27 ಕಿಲೋಮೀಟರ್.

8:50

ಜರಡಿಯಣ್ಣ ಸರ್ ಕೋಣೆಗೆ ಹೋಗಿ ಬಂದ. ಕತ್ತು ಅಡ್ಡ ಅಲ್ಲಾಡಿಸಿದ. "ನಾಳೆ ಹತ್ತಕ್ಕೆ ರಿವ್ಯೂ, ಅಲ್ಲೇ ಅಂತೆ."

ನಾಳೆ ಹತ್ತಕ್ಕೆ ಕೂತು ಹನ್ನೆರಡಕ್ಕೆ ಎದ್ದರೆ ಅವರಿಗೆ ಉಳಿಯುವುದು ಅರ್ಧ ದಿನ. ಗಣಿತ ಗೊತ್ತಿರುವ ಜನ. ಗಣಿತ ಮಾಡುತ್ತಿಲ್ಲ.

9:20

ನನ್ನ ಸ್ಟೂಡೆಂಟ್ ಮೇಲ್ ತೆಗೆದಿದ್ದೇನೆ. ಲ್ಯಾಬಿನದಲ್ಲ, ನನ್ನದು. ಬಚ್ಚಿಟ್ಟು ಕಳಿಸುವುದಿಲ್ಲ, ಸರ್‌ಗೂ ಜರಡಿಯಣ್ಣನಿಗೂ ಕಾಪಿ. ಬೈಯುವವರು ನೇರ ಬೈಯಲಿ. ನಾಲ್ಕು ಸಲ "ಬಹುಶಃ" ಬರೆದಿದ್ದೆ, ನಾಲ್ಕನ್ನೂ ಹೊಡೆದೆ. "ನಾನು ಹೊಸಬಳು, ತಪ್ಪಿರಬಹುದು" ಅಂತ ಒಂದು ಸಾಲಿತ್ತು. ಅದನ್ನೂ. ತಪ್ಪಿದ್ದರೆ ಅವರಿಗೆ ಒಂದು ದಿನ ದಂಡ, ನನಗೆ ಸೀಟು ಹೋಗುತ್ತದೆ. ಸರಿಯಿದ್ದರೂ ಸೀಟು ಹೋಗಬಹುದು. ಹೋಗಲಿ.

ಕಳಿಸಿದೆ. ಕಳಿಸಿದ್ದನ್ನು ಇಲ್ಲಿ ಹಾಗೇ ಇಳಿಸುತ್ತೇನೆ, ನಾಳೆ ಯಾರಾದರೂ ನಾನು ಬೇರೇನೋ ಅಂದೆ ಅಂದರೆ ಸಾಕ್ಷಿಗೆ ಇರಲಿ:

"ಅಕ್ಕಾ, ಮತ್ತು ಶಿಬಿರದ ಎಲ್ಲರಿಗೂ. ಹನ್ನೆರಡನೇ ತಾರೀಕಿನಿಂದ ಬಂದ ಯಾವ ಮ್ಯಾಪನ್ನೂ ನಂಬಬೇಡಿ. ಮಂಗಳವಾರದ್ದನ್ನು ಗೊತ್ತಿದ್ದೂ ಕಳಿಸಿದವಳು ನಾನೇ. ನಿಮ್ಮ ವಾಯವ್ಯಕ್ಕೆ 27 ಕಿಲೋಮೀಟರ್ ದೂರದಲ್ಲಿ ನಾಲ್ಕು ಕಿಲೋಮೀಟರ್ ಉದ್ದದ ಐಸ್‌ಬರ್ಗ್ ಇದೆ, ಹಿಮಕ್ಕೆ ಎದುರಾಗಿ ನಿಮ್ಮ ಕಡೆಗೇ ಬರುತ್ತಿದೆ. ನಮ್ಮ ಫಿಲ್ಟರ್ ಅದನ್ನು ಪ್ರತಿದಿನ ತೆಗೆದುಹಾಕಿದೆ. ಹತ್ತು ದಿನದ ಸ್ಥಾನಗಳು ಕೆಳಗಿವೆ, ನೀವೇ ಲೆಕ್ಕ ಹಾಕಿ ನೋಡಿ. ನನ್ನ ಲೆಕ್ಕಕ್ಕೆ ಶನಿವಾರ ಬೆಳಿಗ್ಗೆ ನಿಮ್ಮ ಚಪ್ಪಡಿ ಮುಟ್ಟುತ್ತದೆ, ಅದಕ್ಕೂ ಮುಂಚೆಯೇ ಸುತ್ತಲಿನ ಹಿಮ ಒಡೆಯುತ್ತದೆ. ಈಶಾನ್ಯಕ್ಕೆ ಹನ್ನೆರಡು ಕಿಲೋಮೀಟರ್ ಹೋದರೆ ದಪ್ಪ ಹಳೇ ಹಿಮ ಇದೆ, ಅದು ಅದರ ದಾರಿಯಲ್ಲಿಲ್ಲ. ಬಿಳುಪು ತಿಳಿಯಾದರೆ ನಾಳೆ ದುರ್ಬೀನಿನಲ್ಲಿ ಕಾಣಬಹುದು. ಕಾಣುವ ತನಕ ಕಾಯಬೇಡಿ. ಇವತ್ತೇ ಬಿಚ್ಚಲು ಶುರು ಮಾಡಿ. ಇದು ಲ್ಯಾಬಿನ ಮಾತಲ್ಲ, ನನ್ನ ಮಾತು. ಓದಿದ ಕೂಡಲೇ ಹೊರಟಿದ್ದೀರಾ ಇಲ್ಲವಾ ಅಂತ ಒಂದು ಸಾಲು ಬರೆಯಿರಿ. ದಯವಿಟ್ಟು ಬೇಗ ಉತ್ತರ ಕೊಡಿ."